ಕಣಜದ ಹಿಂದಿನ ಚಿಗರಿ

ಗದಗ ಸೀಮೆ, ಕ್ರಿ.ಶ. 2319, ಫಾಲ್ಗುಣದ ಮೂವತ್ತೆಂಟನೇ ದಿನ

ಮುನ್ನೂರು ವರ್ಷ ಹಿಂದಿನ ಹಿರಿಯರಿಗೆ ಫಕ್ಕೀರಪ್ಪನ ಶರಣು.

ಇಂಥ ದಿನ ನಿಮ್ಮ ಪಂಚಾಂಗದಲ್ಲಿಲ್ಲ. ತಿಂಗಳನ್ನು ನಾವು ಹಿಗ್ಗಿಸಿಕೊಂಡಿದ್ದೇವೆ. ಮಾತೂ ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವು ಬರೆದಿಟ್ಟ ಒಂದು ಸಾಲಿನ ಬಗ್ಗೆ ಹೇಳಬೇಕಾಗಿದೆ.

ನಮ್ಮೂರಿಗೆ ದಿನಕ್ಕೆ ಮೂರು ಸಲ ಮುಗಿಲುಗಾಡಿ ಇಳಿಯುತ್ತದೆ. ಜೋಳ, ಬಟ್ಟೆ, ಔಷಧ ಎಲ್ಲವೂ ಅದರಲ್ಲೇ ಬರುವುದು. ಇಳಿಯುವಾಗ ಬಂಡೆ ಸಿಡಿದಂತೆ ಸದ್ದು; ಗೂಡಿನಲ್ಲಿಟ್ಟ ಪಾತ್ರೆಗಳು ನಡುಗುತ್ತವೆ. ನಾವು ಮೌನಟೋಪಿ ಹಾಕಿಕೊಳ್ಳುತ್ತೇವೆ, ಕಿವಿಗೆ ಸದ್ದು ಬಿಡದ ದಪ್ಪ ಹತ್ತಿಯ ಟೋಪಿ. ನಾಯಿಗಳಿಗೆ ಹಾಕಿದರೆ ಅದನ್ನು ಕಿತ್ತೆಸೆಯುತ್ತವೆ. ಅದಕ್ಕೇ ನನ್ನಂಥ ಕಿವಿಪಾಠದ ಮೇಷ್ಟರಿದ್ದಾರೆ. ಗಾಡಿಯ ಸದ್ದನ್ನು ಹಿಡಿದಿಟ್ಟು, ಮೊದಲು ಇರುವೆ ಹರಿದಷ್ಟು ಮೆಲ್ಲಗೆ ಕೇಳಿಸಿ, ತುಪ್ಪ ಸವರಿದ ರೊಟ್ಟಿಯ ಚೂರು ಕೊಡುತ್ತೇವೆ. ನಾಯಿ ನಿರಾಳವಾಗಿ ತಿಂದರೆ ಮಾತ್ರ ಮರುದಿನ ಕೂದಲೆಳೆಯಷ್ಟು ಸದ್ದು ಹೆಚ್ಚು. ಈ ಪಾಠದಲ್ಲಿ ತಪ್ಪಿಲ್ಲ. ಎಷ್ಟೋ ನಾಯಿಗಳು ಸುಧಾರಿಸಿವೆ.

ತಪ್ಪಿದ್ದದ್ದು ನಿಮ್ಮ ಕಾಲದ ಪುಸ್ತಕವೊಂದರಿಂದ ನಾವು ಬಾಯಿಪಾಠ ಮಾಡಿದ ಸಾಲಿನಲ್ಲಿ: ಹೆದರಿದ ನಾಯಿಯನ್ನು ಮುಟ್ಟಬಾರದು, ಮುದ್ದಿಸಿದರೆ ಹೆದರಿಕೆ ರೂಢಿಯಾಗುತ್ತದೆ. ನಾನದನ್ನು ಮನೆಮನೆಗೂ ಹೇಳಿದೆ. ನನ್ನ ಸ್ವಂತ ನಾಯಿ ಚಿಗರಿಗೆ ಮಾತ್ರ ರೊಟ್ಟಿಯ ಪಾಠ ಹತ್ತಲಿಲ್ಲ. ಗಾಡಿ ಬಂದಾಗಲೆಲ್ಲ ಓಡಿ ಬಂದು ನನ್ನ ಮೊಣಕಾಲಿಗೆ ತಲೆ ಒತ್ತುತ್ತಿದ್ದಳು. ನಾನು ಕಾಲು ಹಿಂದಕ್ಕೆಳೆದುಕೊಂಡು ಗೋಡೆ ನೋಡುತ್ತ ಕೂರುತ್ತಿದ್ದೆ. ಟೋಪಿ ಹಾಕಿದ ನನಗೆ ಸದ್ದು ಕೇಳಿಸುತ್ತಿರಲಿಲ್ಲ. ಅವಳ ನಡುಕ ಮಾತ್ರ ಹಲಗೆಯ ನೆಲದಿಂದ ಪಾದಕ್ಕೆ ತಿಳಿಯುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ಬರುವುದನ್ನು ಬಿಟ್ಟಳು. ಅಂತೂ ಧೈರ್ಯ ಬಂತೆಂದು ನಾನು ಬೀಗಿದೆ. ಒಂದು ದಿನ ಹುಡುಕಿ ನೋಡಿದರೆ ಅವಳು ಜೋಳದ ಕಣಜದ ಹಿಂದೆ ಒಬ್ಬಳೇ ನಡುಗುತ್ತಿದ್ದಳು.

ಪಕ್ಕದ ಮನೆಯ ನೀಲವ್ವ ನನ್ನ ಮಾತು ಎಂದೂ ಕೇಳಿದವಳಲ್ಲ. ಗಾಡಿ ಬಂದರೆ ತನ್ನ ನಾಯಿಯನ್ನು ತೊಡೆಗೆಳೆದುಕೊಂಡು ಬೆನ್ನು ಸವರುತ್ತಾಳೆ. ಅದು ಈಗ ಗಾಡಿ ಇಳಿಯುವಾಗ ಆಕಳಿಸುತ್ತದೆ. ಮುದ್ದಿಸಿದ್ದರಿಂದ ಹೆದರಿಕೆ ಹೆಚ್ಚಲಿಲ್ಲವೇ ಎಂದು ಕೇಳಿದ್ದಕ್ಕೆ, "ಫಕ್ಕೀರಣ್ಣಾ, ಅಂಜಿದ ಕೂಸನ್ನ ಎತ್ತಿಕೊಂಡ್ರ ಅಂಜಿಕಿ ಹೆಚ್ಚಾಗತೈತೇನು?" ಎಂದಳು.

ಅಂದೇ ಕಣಜದ ಬಳಿ ಕುಳಿತು ಕೈ ಚಾಚಿದೆ. ಚಿಗರಿ ಕೈಯನ್ನು ನೋಡಿ ಗೋಡೆಯತ್ತ ಇನ್ನಷ್ಟು ಸರಿದಳು. ಸದ್ದಿನ ಹೊತ್ತಿನಲ್ಲಿ ಈ ಕೈ ತನಗಲ್ಲ ಎಂದು ನಾನೇ ಕಲಿಸಿದ್ದೆನಲ್ಲ. ಐದು ತಿಂಗಳಾಯಿತು, ಆ ನಾಚಿಕೆ ಇನ್ನೂ ಹೋಗಿಲ್ಲ.

ಆ ಪುಸ್ತಕ ನಿಮ್ಮಲ್ಲಿ ಇನ್ನೂ ಹೊಸದಾಗಿರಬಹುದು. ದಯವಿಟ್ಟು ಆ ಸಾಲನ್ನು ಹೊಡೆದುಹಾಕಿ. ಪಟಾಕಿಗೋ ಗುಡುಗಿಗೋ ಬೆದರಿದ ನಾಯಿ ನಿಮ್ಮ ಕಾಲ ಬಳಿ ಬಂದರೆ ಕಿಟಕಿ ಮುಚ್ಚಿ, ಜೊತೆಗೆ ಕೂರಿ. ಬರುವುದನ್ನು ಬಿಟ್ಟ ಮೇಲೆ ಅದನ್ನು ಮತ್ತೆ ಕರೆಯುವುದು ಬಹಳ ಕಷ್ಟ.

ಈಚೆಗೆ ನಾನು ಟೋಪಿ ತೆಗೆದಿಟ್ಟು ಕಣಜದ ಪಕ್ಕ ಕೂರುತ್ತೇನೆ. ಸದ್ದಿಗೆ ನಾನೂ ಬೆಚ್ಚುತ್ತೇನೆ. ನಿನ್ನೆ ಅವಳು ಮೂಗನ್ನಷ್ಟೇ ಹೊರಗೆ ಚಾಚಿದ್ದಳು. ಮಧ್ಯಾಹ್ನದ ಗಾಡಿಗೆ ಹೊತ್ತಾಯಿತು, ಹೋಗಿ ಕೂರುತ್ತೇನೆ.