ಹೆಚ್ಚುವರಿ ತಾತನನ್ನು ಅಳಿಸಿದ ಬಗ್ಗೆ

ವಂಶದ ಮರಕ್ಕೆ ಕಾವಲಿರುವ ಮಾನ್ಯ ಪರಿಶೀಲನಾಧಿಕಾರಿಗಳೇ,

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ: ಕಳೆದ ವಾರ, ಕಾಫಿ ಕುಡಿಯುತ್ತ, ನಾನೊಬ್ಬ ಮನುಷ್ಯನನ್ನು ಇಲ್ಲವಾಗಿಸಿದೆ. ಹೆಸರು ಬ್ಯಾಟರಾಯಪ್ಪ. ಒಂದು ತೊಟ್ಟು ಕಾಫಿಯೂ ಚೆಲ್ಲಲಿಲ್ಲ. ನಿಮ್ಮ ಜಾಲತಾಣದಲ್ಲಿ ನೆಂಟರೆಲ್ಲ ಸೇರಿ ಬೆಳೆಸುತ್ತಿರುವ ನಮ್ಮ ಮನೆತನದ ಮರದಲ್ಲಿ ಆ ಹೆಸರಿನವರು ಇಬ್ಬರಿದ್ದರು. ನಮಗಿದ್ದದ್ದು ಒಬ್ಬರೇ ತಾತ. ಹೆಚ್ಚುವರಿಯನ್ನು ಅಳಿಸಿದೆ. ಸಂಜೆಯೊಳಗೆ ನೀವು ಅವರಿಗೆ ಮರುಜೀವ ಕೊಟ್ಟು ನನ್ನ ಖಾತೆಯನ್ನು ‘ತಾತ್ಕಾಲಿಕವಾಗಿ’ ಮುಚ್ಚಿದಿರಿ. ತಾತನ ಕಾಲದ ವಿಷಯವಾದ್ದರಿಂದ ತಾತ್ಕಾಲಿಕ ಎಂದಿರಬೇಕು.

ಸ್ವಾಮಿ, ನಮ್ಮಜ್ಜಿ ಸೊಣ್ಣಮ್ಮ ಮದುವೆಯಾದದ್ದು ಸೋದರಮಾವನನ್ನು. ನಮ್ಮ ಕಡೆ ಇದು ಸುದ್ದಿಯಲ್ಲ. ಹೆಣ್ಣನ್ನು ಹೊರಗೆ ಕೊಟ್ಟಿದ್ದರೆ ಸುದ್ದಿಯಾಗುತ್ತಿತ್ತು. ಅಂದಮೇಲೆ ಅಜ್ಜಿಯ ತಾಯಿಯ ತಮ್ಮ ಬ್ಯಾಟರಾಯಪ್ಪನೂ ಅಜ್ಜಿಯ ಗಂಡ ಬ್ಯಾಟರಾಯಪ್ಪನೂ ಒಬ್ಬರೇ ತಾನೇ? ಯಾರೋ ನೆಂಟರು ತಿಳಿಯದೆ ಎರಡು ಸಲ ಸೇರಿಸಿದರು, ನೀವು ತಿಳಿದೂ ತಿಳಿದೂ ಆ ತಪ್ಪಿಗೆ ಕಾವಲು ನಿಂತಿರಿ. ಇಬ್ಬರೂ ಒಬ್ಬರೇ ಎನ್ನಲು ಆಧಾರವೇನೆಂದು ಕೇಳುತ್ತೀರಿ. ಆ ಆಧಾರದ ಮೊಮ್ಮಗನೇ ಈ ಪತ್ರ ಬರೆಯುತ್ತಿದ್ದಾನೆ, ಸಾಲದೇ? ನಮ್ಮ ಸಂಬಂಧ ತಿದ್ದಲು ನಿಮಗೇನು ಸಂಬಂಧ?

ನಿಮ್ಮ ಕೃಪೆಯಿಂದ ಒಬ್ಬ ತಾತ ಬ್ರಹ್ಮಚಾರಿಯಾದರು, ಇನ್ನೊಬ್ಬರು ಹೆತ್ತವರಿಲ್ಲದೆ ಜೋತಾಡುತ್ತಿದ್ದಾರೆ. ಭಾನುವಾರ ಅಬ್ಬಿಗೆರೆಯಲ್ಲಿ ಅಜ್ಜಿಯ ಮರಿಮಗನ ನಾಮಕರಣ. ಇದೇ ಮರವನ್ನು ಫ್ಲೆಕ್ಸ್ ಮಾಡಿಸಿ ಬಾಗಿಲಲ್ಲಿ ಕಟ್ಟುವವರಿದ್ದೇವೆ. ಬಂದವರೆಲ್ಲ ಊಟಕ್ಕೆ ಮುಂಚೆ ಅದರ ಮುಂದೆ ನಿಂತು ತಂತಮ್ಮ ಹೆಸರು ಹುಡುಕುತ್ತಾರೆ. ನಮ್ಮ ಅತ್ತಿಗೆ ಸರಳಾ ಈಗಲೇ ಶುರುಮಾಡಿದ್ದಾರೆ: “ಏನ್ ರಘು, ನಿಮ್ ತಾತ ನೇರವಾಗಿ ಆಕಾಶದಿಂದ್ಲೇ ಇಳಿದ್ರಾ?” ಅಷ್ಟು ಜನರ ಮುಂದೆ ನಮ್ಮಜ್ಜಿ, ಹಿಂದುಮುಂದಿಲ್ಲದ ಗಂಡನ ಹೆಂಡತಿಯಾಗಿ ಕೂರಬೇಕೇ?

ನಮ್ಮಲ್ಲಿ ಯಾರಿಗೆ ಯಾರು ಏನಾಗಬೇಕೆಂದು ನಿದ್ದೆಗಣ್ಣಲ್ಲೂ ಹೇಳಬಲ್ಲವನು ನಾನೊಬ್ಬನೇ. ಮದುವೆಮನೆಗಳಲ್ಲಿ ನೆಂಟಸ್ತಿಕೆ ಗೊಂದಲವಾದವರನ್ನು ನನ್ನ ಬಳಿಗೇ ಕಳಿಸುತ್ತಾರೆ. ಅಂಥವನಿಗೆ ನೀವು ಪಾಠ ಹೇಳುವುದೇ?

ಇಲ್ಲಿಯವರೆಗೆ ಬರೆದು, ಅಜ್ಜಿಯ ಬಾಯಿಂದಲೇ ಆಧಾರ ಹೇಳಿಸಿ ರೆಕಾರ್ಡ್ ಮಾಡಿ ನಿಮ್ಮ ಮುಖಕ್ಕೆ ಹಿಡಿಯೋಣವೆಂದು ನಿನ್ನೆ ಹೆಬ್ಬಾಳದ ಟ್ರಾಫಿಕ್ ಈಜಿಕೊಂಡು ಅಬ್ಬಿಗೆರೆಗೆ ಹೋದೆ. ಅಜ್ಜಿ ಎಲೆ ಮಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

“ಇಬ್ರೂ ಇದ್ರು ಕಣ್ಲಾ,” ಎಂದರು. “ನಮ್ಮವ್ವನ ಸ್ವಂತ ತಮ್ಮ ಮದ್ವೆ ಆಗೋಕ್ ಮುಂಚೇನೇ ಸತ್ತೋಗ್ಬುಟ್ಟ. ನಿಮ್ ತಾತ ನಮ್ಮವ್ವನ ದೊಡ್ಡಪ್ಪನ ಮಗ. ಇಬ್ರಿಗೂ ಅವರ ತಾತನ ಎಸ್ರೇ ಇಕ್ಕಿದ್ರು. ನಾನು ಇಬ್ರನ್ನೂ ಮಾವ ಅಂತಿದ್ದೆ.”

ರೆಕಾರ್ಡ್ ನಿಲ್ಲಿಸಿದೆ. ಅಜ್ಜಿ ನಿಲ್ಲಿಸಲಿಲ್ಲ.

“ನನ್ನ ಎಗಲ್ ಮ್ಯಾಲೆ ಒತ್ಕೊಂಡು ತಿರುಗ್ಸಿದೋನು ಅವ್ನು. ಎಂಡ್ರಿಲ್ಲ, ಮಕ್ಳಿಲ್ಲ, ಎಸ್ರೇಳೋರಿಲ್ಲ. ಆ ಮರದಾಗಾದ್ರೂ ಇರ್ಲಿ ಬುಡು.”

ಆದ್ದರಿಂದ ನನ್ನ ಬೇಡಿಕೆ ಕೊಂಚ ತಿರುಗಿದೆ. ಆ ಮದುವೆಯಾಗದ ಮಾವನನ್ನು ಇದ್ದಲ್ಲೇ ಇರಿಸಿ; ನನ್ನಂಥ ತಿಳಿವಳಿಕಸ್ಥರು ಮತ್ತೆ ಬಂದರೆ ಒಳಗೆ ಬಿಡಬೇಡಿ. ಹಾಗೆಂದು ನಿಮಗೆ ಅಭಿನಂದನೆಯೇನಿಲ್ಲ. ನೀವು ಸರಿಯಾಗಿದ್ದದ್ದು ನಿಮಗೂ ಗೊತ್ತಿರಲಿಲ್ಲ. ಫ್ಲೆಕ್ಸ್ ಅಚ್ಚಾಗುವುದರೊಳಗೆ ನನ್ನ ಖಾತೆ ತೆರೆಯಿರಿ, ತಾತನಿಗೆ ಹೆತ್ತವರನ್ನು ಸೇರಿಸಬೇಕು. ಇವತ್ತೇ ಆಗಬೇಕೆಂದು ಗದರಬಹುದಿತ್ತು, ಆದರೆ ನಾಳೆಯಾದರೂ ಸಾಕು. ತಾತನ ಅಪ್ಪ, ಅಮ್ಮನ ಹೆಸರು ನನಗೆ ಗೊತ್ತಿಲ್ಲ. ಅಜ್ಜಿಯನ್ನು ಕೇಳಲು ನಾಚಿಕೆಯಾಗಿ ಹಾಗೇ ಎದ್ದು ಬಂದುಬಿಟ್ಟೆ.

ಇಂತಿ,
ಇನ್ನೊಮ್ಮೆ ಅಬ್ಬಿಗೆರೆಗೆ ಹೊರಟಿರುವ
ರಘುನಾಥ್
ಸಹಕಾರನಗರ, ೨೦೧೬