ಹೇಳಿದವರ ಹೆಸರು

ಮೇ 6, ಸೋಮವಾರ

ಮೂವತ್ತೆರಡು ನೋಟ್‌ಬುಕ್. ಹತ್ತೊಂಬತ್ತು ಮುಗಿದವು. ಭೂಗೋಳದ ಅಧ್ಯಾಯ. ಅರ್ಧ ತರಗತಿ ಉಪೋಲು ದ್ವೀಪವೇ ದೊಡ್ಡದು ಎಂದು ಬರೆದಿದೆ. ರಾಜಧಾನಿ ಅಲ್ಲಿದೆ, ಅದೊಂದೇ ಕಾರಣ. ಇವರು ಹುಟ್ಟಿ ಬೆಳೆದದ್ದು ಸವಾಯಿಯಲ್ಲಿ, ನಿಜವಾಗಿ ದೊಡ್ಡದಾದ ದ್ವೀಪದಲ್ಲಿ. ನಕ್ಷೆ ಮತ್ತೆ ಬರೆಯಬೇಕು ಎಂದು ಹೇಳಿದ್ದೇನೆ.

ಹತ್ತನೇ ತರಗತಿಯವರಿಗೆ ಈ ಸಲದ ಯೋಜನೆ ‘ನಮ್ಮ ದೇಶ’. ಭೂಗೋಳ, ಇತಿಹಾಸ, ಸಂಸ್ಕೃತಿ, ಆರ್ಥಿಕತೆ. ಪಠ್ಯಪುಸ್ತಕ ಇರುವುದು ಹನ್ನೊಂದು. ಅದಕ್ಕೇ ಊರನ್ನೇ ಬರೆಯಿರಿ ಎಂದೆ. ದೇಶ ಊರಿನಿಂದಲೇ ಶುರುವಾಗಲಿ.

ಮುಖ್ಯೋಪಾಧ್ಯಾಯಿನಿ ಮರೇತಾಗೆ ಇಷ್ಟವಿಲ್ಲ.

“ಪುಸ್ತಕದಲ್ಲಿ ಇರೋದನ್ನ ಬರೆಸಿ ಸಾಕು ಇಯೋನಾ. ಊರ ಉಸಾಬರಿ ಯಾಕೆ?”

“ಪುಸ್ತಕ ಹನ್ನೊಂದೇ ಇದೆ ಮೇಡಂ.”

“ಬೋರ್ಡ್ ಇದೆಯಲ್ಲ. ಬರೆದ್ರೆ ಕೈ ಸವೆದು ಹೋಗುತ್ತಾ?”

ಇವತ್ತು ನನಗೆ ಊಟ ತರುವ ಸರದಿ ಊರಿನ ಲೆವಿ ಮನೆಯದು. ಸುಟ್ಟ ಜೀಗುಜ್ಜೆ, ತೆಂಗಿನ ಹಾಲಲ್ಲಿ ಬೆಂದ ಕೆಸುವಿನ ಎಲೆ. ಬಿಸಿ ಇತ್ತು.

ಮೇ 14, ಮಂಗಳವಾರ

ಇತಿಹಾಸದ ಕರಡು. ಹೆಚ್ಚಿನವರದು ಒಂದೇ ಪುಟ—ಜರ್ಮನರು ಬಂದರು, ನ್ಯೂಜಿಲೆಂಡಿನವರು ಬಂದರು, ಸ್ವಾತಂತ್ರ್ಯ ಸಿಕ್ಕಿತು. ನಡುವೆ ಊರಿನ ಚರ್ಚಿಗೆ ಗಂಟೆ ಬಂದ ವರ್ಷ.

ಲೆವಿಯ ಮಗಳು ಎಸೆತಾಳದು ಮಾತ್ರ ಎರಡೂವರೆ ಪುಟ. 1905ರಲ್ಲಿ ಬೆಟ್ಟ ಬಾಯಿಬಿಟ್ಟು ಲಾವಾ ಹರಿದಾಗ ಆಚೆಯ ಹಳ್ಳಿ ಮುಚ್ಚಿಹೋಯಿತು. ಅಲ್ಲಿಂದ ಏಳು ಕುಟುಂಬ ದೋಣಿಯಲ್ಲಿ ಈ ಊರಿಗೆ ಓಡಿ ಬಂದವು. ಪೊಲೊಫಾ ಮನೆತನ ಅವುಗಳಲ್ಲಿ ಒಂದು. ಅವರಿಗೆ ನಿಲ್ಲಲು ಜಾಗ ಕೊಟ್ಟದ್ದು ಎಸೆತಾಳ ಮುತ್ತಾತನ ಅಪ್ಪ. ಇಂದಿನ ಸಭಾಮನೆ, ಶಾಲೆ, ಬಾವಿ ಎಲ್ಲ ಆ ಜಾಗದಲ್ಲೇ ಇವೆ. ವರ್ಷ ಹೋಲಿಸಿ ನೋಡಿದೆ. ಸರಿಯಿದೆ.

ಕೆಳಗೆ ಬರೆದೆ: ಬಹಳ ಚೆನ್ನಾಗಿದೆ. ಇದನ್ನು ಹೇಳಿದವರು ಯಾರು? ಹೆಸರಿಲ್ಲದೆ ಇತಿಹಾಸವಾಗುವುದಿಲ್ಲ.

ಶಾಲೆ ಬಿಟ್ಟ ಮೇಲೆ ಬಂದಳು.

“ಸರ್, ಹೆಸರು ಬೇಕೇ ಬೇಕಾ?”

“ಬೇಕು.”

“‘ಊರಿನ ಹಿರಿಯರು’ ಅಂತ ಹಾಕ್ಲಾ?”

“ಊರಲ್ಲಿ ಹಿರಿಯರು ಎಷ್ಟು ಜನ ಇದ್ದಾರೆ? ಪತ್ರಿಕೆಯವರು ಹಾಗೆ ಬರೆದ್ರೆ ನಂಬ್ತೀಯಾ?”

ನೋಟ್‌ಬುಕ್ ಎತ್ತಿಕೊಂಡು ಹೋದಳು. ಸೋಮಾರಿತನ ಇರಬೇಕು ಎಂದುಕೊಂಡೆ.

ಮೇ 16, ಗುರುವಾರ

ತಿದ್ದಿ ತಂದಳು. ಕೊನೆಯಲ್ಲಿ ದುಂಡಗೆ: ‘ಹೇಳಿದವರು—ನನ್ನ ಅಜ್ಜಿ ಫುವಾತಿನೋ, ವಯಸ್ಸು 81. ನಾವಿಬ್ಬರೇ ಚಾಪೆ ಹೆಣೆಯುವಾಗ.’

ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು. ಒಂದು ಕಳೆದದ್ದು ಕಾಗುಣಿತಕ್ಕೆ. ಏಳು ವರ್ಷದಲ್ಲಿ ಈ ಶಾಲೆಯಲ್ಲಿ ಇಷ್ಟು ಯಾರಿಗೂ ಕೊಟ್ಟಿಲ್ಲ.

ಮೇ 24, ಶುಕ್ರವಾರ

ಪ್ರದರ್ಶನದ ದಿನ. ಹಾಲ್ ಉದ್ದಕ್ಕೂ ದಾರ ಕಟ್ಟಿ ಮಕ್ಕಳ ಪುಟಗಳನ್ನು ಕ್ಲಿಪ್ ಹಾಕಿ ತೂಗುಬಿಟ್ಟಿದ್ದೆವು. ಊರಿನ ಮುಖ್ಯಸ್ಥರೆಲ್ಲ ಬಂದರು. ಹಿರಿಯ ಪೊಲೊಫಾ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಓದುತ್ತ ಬಂದರು. ಈ ಊರಲ್ಲಿ ಮೊದಲ ವಂದನೆ ಸಲ್ಲುವುದು ಅವರ ಮುಖ್ಯಸ್ಥ ಪದವಿಗೆ. ಎಸೆತಾಳ ಪುಟದ ಮುಂದೆ ಬಹಳ ಹೊತ್ತು ನಿಂತರು.

“ಈ ಅಕ್ಷರ ಯಾರದು ಮೇಷ್ಟ್ರೆ?”

“ಲೆವಿ ಮಗಳು ಎಸೆತಾದು.” ಹೆಮ್ಮೆಯಿಂದಲೇ ಹೇಳಿದೆ.

“ಚಂದ ಇದೆ ಅಕ್ಷರ.”

ಕೋಕೋ ಕುಡಿಯದೆ ಹೋದರು. ಅವರ ಹಿಂದೆ ಇನ್ನೂ ನಾಲ್ವರು.

ಮೇ 25, ಶನಿವಾರ

ಬೆಳಿಗ್ಗೆ ಏಳಕ್ಕೆ ಮರೇತಾ ನನ್ನ ಮನೆಗೆ. ಬಂದವರೇ ಚಾಪೆಯ ಮೇಲೆ ಕೂತರು, ಬೀಸಣಿಗೆ ನಿಲ್ಲಲಿಲ್ಲ.

“ಅದನ್ನ ಓದಿದ್ರಾ ನೀವು?”

“ಓದಿದೆ. ಇಪ್ಪತ್ನಾಲ್ಕು ಕೊಟ್ಟಿದ್ದೀನಿ.”

“ಅಯ್ಯೋ ದೇವರೇ, ಅಂಕ ಬೇರೆ ಕೊಟ್ಟಿದ್ದಾನೆ!”

“ಅದರಲ್ಲಿ ಸುಳ್ಳು ಏನಿದೆ ಮೇಡಂ?”

“ಸುಳ್ಳಾಗಿದ್ರೆ ಯಾರು ತಲೆ ಕೆಡಿಸ್ಕೊಳ್ತಿದ್ರು? ಯಾರು ಓಡಿ ಬಂದವರು, ಯಾರು ಜಾಗ ಕೊಟ್ಟವರು ಅಂತ ಈ ಊರ ನಾಯಿಗೂ ಗೊತ್ತು. ಬಾಯಿ ಬಿಡಲ್ಲ ಅಷ್ಟೆ. ಬರೀ ಹುಡುಗಿ ಬರೆದಿದ್ರೆ ಮಕ್ಕಳ ಕತೆ. ನೀವು ಕೆಳಗೆ ಫುವಾತಿನೋ ಹೆಸರು ಹಾಕ್ಸಿದ್ದೀರ. ಈಗ ಅದು ಲೆವಿ ಮನೆತನದ ದಾವೆ. ನಾಳೆ ಜಮೀನಿನ ಕೋರ್ಟಲ್ಲಿ ಅದನ್ನೇ ಸಾಕ್ಷಿ ಅಂತ ಹಿಡೀತಾರೆ.”

“ಶಾಲೆ ನೋಟ್‌ಬುಕ್ ಅದು...”

“ಶಾಲೆ ಯಾರ ಜಾಗದಲ್ಲಿದೆ ಅಂತ ಅವಳೇ ಬರೆದಿದ್ದಾಳಲ್ಲ!”

ಗೊತ್ತಿಲ್ಲದ್ದೇನಲ್ಲ. ನಮ್ಮ ಮನೆಯ ಇತಿಹಾಸವನ್ನು ಅಪ್ಪ ಹೇಳಿದ್ದು ಪರದೆಗಳನ್ನೆಲ್ಲ ಇಳಿಬಿಟ್ಟು, ತಂಗಿಯರನ್ನು ಹೊರಗೆ ಕಳಿಸಿ. ಇವತ್ತಿಗೂ ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುವುದೂ ಇಲ್ಲ. ಆದರೂ ಆ ಮಗುವಿನಿಂದ ಹೆಸರು ಬರೆಸಿದೆ.

ಹಾಲ್‌ಗೆ ಹೋಗಿ ಪುಟಗಳನ್ನು ಇಳಿಸಿದೆ.

ಮೇ 27, ಸೋಮವಾರ

ಸಭಾಮನೆಯಲ್ಲಿ ಮುಖ್ಯಸ್ಥರ ಸಭೆ. ನನಗೆ ಮುಖ್ಯಸ್ಥನ ಪದವಿ ಇಲ್ಲ. ಹಿಂದಿನ ಕಂಬದ ಆಚೆ ಕೂತೆ. ಕಾವಾ ಬೇರಿನ ಪಾನೀಯ ಹಂಚಿದರು. ಮಾತು ನಿಧಾನವಾಗಿ ಬಂತು. ಯಾರೂ ದನಿ ಏರಿಸಲಿಲ್ಲ.

ತೀರ್ಮಾನ: ಜೂನ್ 8ರೊಳಗೆ ಮುದುಕಿ ಬಂದು ಅದು ಸುಳ್ಳೆಂದು ಹೇಳಬೇಕು. ಇಲ್ಲವಾದರೆ ಲೆವಿಯ ಮನೆಯವರು ಊರು ಬಿಡಬೇಕು. ಹನ್ನೊಂದು ಜನ. ಬೆಳೆ ನಿಂತಿದೆ. ಗೋರಿಗಳು ಅಂಗಳದಲ್ಲಿವೆ.

ತಡೆಯಲಾಗಲಿಲ್ಲ. ಕೂತಲ್ಲಿಂದಲೇ, “ತಪ್ಪು ನಂದು, ಹೆಸರು ಬರೆಸಿದ್ದು ನಾನು” ಎಂದೆ.

ಪೊಲೊಫಾ ನನ್ನತ್ತ ತಿರುಗಿ ನಕ್ಕರು. ಒಳ್ಳೆಯ ನಗುವೇ.

“ಮೇಷ್ಟ್ರೆ, ನೀವು ಈ ಊರ ಅತಿಥಿ. ಅತಿಥಿ ಮೇಲೆ ತಪ್ಪು ಹೊರಿಸೋ ಊರಲ್ಲ ಇದು. ಸಮಾಧಾನ ಮಾಡ್ಕೊಳ್ಳಿ.”

ಅಷ್ಟೆ. ಮುಂದಿನ ವಿಷಯ ತೆಗೆದುಕೊಂಡರು—ತೋಟಕ್ಕೆ ನುಗ್ಗುವ ಹಂದಿಗಳದು.

ಮೇ 29, ಬುಧವಾರ

ಲೆವಿ ಮನೆಗೆ ಹೋದೆ. ಲೆವಿ ಮರ್ಯಾದೆಯಿಂದ ಚಾಪೆ ಹಾಸಿದ, ಮುಖ ನೋಡಲಿಲ್ಲ. ಫುವಾತಿನೋ ಅಜ್ಜಿ ಕೇದಗೆ ಎಲೆ ಸೀಳುತ್ತ ಕೂತಿದ್ದರು. ಕ್ಷಮೆ ಕೇಳಿದೆ.

“ನೀನು ಕೆಟ್ಟೋನಲ್ಲ ಮಗಾ. ನಿನಗೆ ಬುದ್ಧಿ ಕಮ್ಮಿ. ಅದು ಬೇರೆ.”

“ಒಂದು ಮಾತು ಹೇಳಿಬಿಟ್ರೆ ಮನೆ ಉಳಿಯುತ್ತಲ್ಲ ಅಜ್ಜಿ...”

“ಏನಂತ? ನನ್ನ ಅಜ್ಜ ಸುಳ್ಳುಗಾರ ಅಂತನಾ? ಅಗೋ, ಅಲ್ಲೇ ಮಲಗಿದ್ದಾನೆ. ದಿನಾ ಎದ್ದು ಅವನ ಗೋರಿ ಗುಡಿಸೋಳು ನಾನು.” ಎಲೆ ಸೀಳುವುದನ್ನು ನಿಲ್ಲಿಸಲಿಲ್ಲ. “ನಿಜ ಅಂತ ಹೇಳೋಕೂ ನಾನು ಎಲ್ಲೂ ಹೋಗಿರಲಿಲ್ಲ. ಪೊಲೊಫಾನ ಅಮ್ಮ, ನಾನು ಒಟ್ಟಿಗೆ ಬಟ್ಟೆ ಒಗೆದವರು. ಒಂದು ದಿನ ಬಾಯಿಬಿಟ್ಟಿಲ್ಲ. ಮೊಮ್ಮಗಳಿಗೆ ಹೇಳಿದ್ದು ಇಟ್ಕೊಳ್ಳೋಕೆ. ತೋರಿಸೋಕಲ್ಲ.”

ಎಸೆತಾ ಹಿಂದೆ ಪಾತ್ರೆ ತೊಳೆಯುತ್ತಿದ್ದಳು. ತಿರುಗಲಿಲ್ಲ.

ಲೆವಿ ರಸ್ತೆಯವರೆಗೆ ಬಂದ. “ಅಮ್ಮ ಹೇಳಲ್ಲ ಮೇಷ್ಟ್ರೆ. ಹೆಂಡತಿ ತವರಲ್ಲಿ ಜಾಗ ಕೇಳಿದ್ದೀನಿ. ಎಸೆತಾಗೆ ಅಲ್ಲಿ ಹೈಸ್ಕೂಲಿಲ್ಲ.”

ಮೇ 31, ಶುಕ್ರವಾರ

ಮಾಡಿದ್ದು:

ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್‌ಗೆ ಫೋನ್. “ಊರಿನ ವಿಷಯ ಅದು. ನಾವು ಕೈ ಹಾಕೋ ಹಾಗಿಲ್ಲ. ನೀವು ವರ್ಗಾವಣೆ ಕೇಳ್ತೀರಾದ್ರೆ ಅರ್ಜಿ ಕಳಿಸಿ.”

ಪಾದ್ರಿಗಳ ಹತ್ತಿರ ಹೋದೆ. ಪ್ರಾರ್ಥನೆ ಮಾಡಿದರು. ಬಹಳ ಚೆನ್ನಾಗಿಯೇ ಮಾಡಿದರು.

ಕೊನೆಗೆ ಉಪೋಲುವಿನಲ್ಲಿರುವ ದೊಡ್ಡಪ್ಪನಿಗೆ ಫೋನ್. ನಮ್ಮ ಮನೆತನದ ಪದವಿ ಅವರದು. ನಮ್ಮ ಪದ್ಧತಿಯಂತೆ ಒಳ್ಳೆಯ ಚಾಪೆ ಹೊದ್ದು ಪೊಲೊಫಾ ಮನೆ ಮುಂದೆ ಕೂತು ತಲೆಬಾಗಿ ಕ್ಷಮೆ ಕೇಳಬೇಕೆಂದರೆ ಅವರೇ ಬರಬೇಕು. ನಾನೊಬ್ಬನೇ ಕೂತರೆ ಅದು ಸುಮ್ಮನೆ ಬಿಸಿಲಲ್ಲಿ ಕೂತಂತೆ.

“ಭೂಗೋಳ ಕಲಿಸು ಅಂತ ಕಳಿಸಿದ್ರೆ ಭೂಕಂಪ ಮಾಡಿದ್ದೀಯಲ್ಲೋ!” ಎಂದು ಮೊದಲು ಬೈದರು. ಆಮೇಲೆ ನಿಧಾನವಾಗಿ, “ಅವರು ನಿನ್ನನ್ನ ಅತಿಥಿ ಅಂದ್ರಾ?”

“ಅಂದ್ರು.”

“ತಪ್ಪು ನಿಂದಲ್ಲ ಅಂದ್ರಾ?”

“ಹೂಂ.”

“ಇನ್ನು ನಾನು ಬಂದು ತಲೆಬಾಗಿದ್ರೆ ಅವರ ಮಾತನ್ನ ಸುಳ್ಳು ಮಾಡಿದ ಹಾಗೆ. ಇನ್ನೊಂದು ಜಗಳ. ಸುಮ್ಮನಿರು ಮಗನೇ. ಪಾಠ ಮಾಡು.”

ಜೂನ್ 1, ಶನಿವಾರ

ಸ್ವಾತಂತ್ರ್ಯ ದಿನ. ಮಕ್ಕಳ ಮೆರವಣಿಗೆ. ಎಸೆತಾಳ ಸಾಲಲ್ಲಿ ಇಬ್ಬಿಬ್ಬರಾಗಿ ನಡೆಯಬೇಕಿತ್ತು. ಅವಳು ಒಬ್ಬಳೇ ನಡೆದಳು. ಹೆಜ್ಜೆ ತಪ್ಪಲಿಲ್ಲ.

ಜೂನ್ 5, ಬುಧವಾರ, ಸಂಜೆ 4

ಇವತ್ತಿನದನ್ನು ಈಗಲೇ ಬರೆದಿಡುತ್ತೇನೆ.

ಎಲ್ಲರೂ ಹೋದ ಮೇಲೆ ಎಸೆತಾ ಬೆಂಚು ಜೋಡಿಸುತ್ತ ಉಳಿದಳು.

“ಸರ್, ಅಜ್ಜಿ ಹೇಳೇ ಇಲ್ಲ, ನಾನೇ ಕಟ್ಟಿ ಬರೆದೆ ಅಂದ್ರೆ?”

ಬೋರ್ಡ್ ಒರೆಸತೊಡಗಿದೆ.

“ಆಗ ಅಜ್ಜಿ ಸುಳ್ಳು ಹೇಳಿದ ಹಾಗಾಗಲ್ಲ ಅಲ್ವಾ? ಅಜ್ಜಿಯ ಅಜ್ಜನೂ ಸುಳ್ಳುಗಾರ ಆಗಲ್ಲ. ನಾನೊಬ್ಬಳೇ.”

“ಎಸೆತಾ...”

“ಹೂಂ ಅನ್ನಿ ಸರ್. ಇಲ್ಲಾಂದ್ರೆ ಊಹೂಂ ಅನ್ನಿ. ಯಾವುದಾದ್ರೂ ಒಂದು.”

“ಮನೇಲಿ ಕೇಳು” ಎಂದೆ.

“ಮನೇಲಿ ಯಾರೂ ನನ್ನ ಹತ್ರ ಮಾತಾಡ್ತಿಲ್ಲ ಸರ್.”

ಕಿಟಕಿ ಮುಚ್ಚಿ, ಬೀಗ ಹಾಕಿ, ಹೊತ್ತಾಯಿತು ಹೋಗು ಎಂದೆ. ಹೊತ್ತೇನೂ ಆಗಿರಲಿಲ್ಲ. ಮೂರೂ ಕಾಲು.

ಜೂನ್ 8, ಶನಿವಾರ

ಎಸೆತಾ ಸಭಾಮನೆಯ ಹೊರಗೆ ಜಲ್ಲಿಕಲ್ಲಿನ ಮೇಲೆ ಕೂತಳು. ಲೆವಿ ಅವಳ ಹಿಂದೆ. ಅಜ್ಜಿ ಬರಲಿಲ್ಲ.

“ಅಜ್ಜಿ ಹೇಳಿಲ್ಲ. ಅಂಕ ಜಾಸ್ತಿ ಬರಲಿ ಅಂತ ನಾನೇ ಕಟ್ಟಿ ಬರೆದೆ. ಸರ್ ಹೆಸರು ಬೇಕು ಅಂದ್ರು. ಅದಕ್ಕೆ ಅಜ್ಜಿ ಹೆಸರು ಹಾಕ್ದೆ.”

ತಡವರಿಸದೆ ಹೇಳಿದಳು. ಒಳಗೆ ಎಲ್ಲರ ಭುಜ ಸಡಿಲವಾದದ್ದು ಕಾಣಿಸಿತು. ಯಾರೋ ನಕ್ಕರು. “ಅಂಕಕ್ಕೋಸ್ಕರ ನೋಡಿ! ನಮ್ಮ ಕಾಲದಲ್ಲಿ ಮಾವಿನಕಾಯಿಗೋಸ್ಕರ ಸುಳ್ಳು ಹೇಳ್ತಿದ್ವಿ.” ನಗು ಸುತ್ತು ಹಾಕಿ ಬಂತು.

ಅಲ್ಲಿದ್ದ ಒಬ್ಬರೂ ಅವಳನ್ನು ನಂಬಿರಲಿಲ್ಲ. ಅದು ಬೇಕಾಗಿಯೂ ಇರಲಿಲ್ಲ.

ದಂಡ: ಒಂದು ದೊಡ್ಡ ಹಂದಿ, ಡಬ್ಬಿ ಮೀನಿನ ಐದು ಪೆಟ್ಟಿಗೆ. ಮನೆ ಉಳಿಯಿತು.

ಪೊಲೊಫಾ ಆ ಪುಟಗಳನ್ನು ಕೇಳಿದರು. ಕೊಟ್ಟೆ. ಹರಿದುಹಾಕುತ್ತಾರೆ ಎಂದುಕೊಂಡಿದ್ದೆ. ಅಂಚು ಸೇರಿಸಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನನ್ನನ್ನು ಬದಿಗೆ ಕರೆದರು.

“ಈ ಊರಲ್ಲಿ ಇಪ್ಪತ್ತಾರು ಮನೆ ಮೇಷ್ಟ್ರೆ. ಇಪ್ಪತ್ತಾರು ಇತಿಹಾಸ. ಒಂದಕ್ಕೊಂದು ಕೂಡಲ್ಲ. ಅವೆಲ್ಲ ಅವರವರ ಚಾಪೆ ಕೆಳಗೆ ಮಲಗಿರೋದಕ್ಕೇ ನಾವು ಒಂದೇ ಬಾವಿ ನೀರು ಕುಡೀತಿದ್ದೀವಿ.”

 

ಜೂನ್ 10, ಸೋಮವಾರ

ಮರೇತಾ ಅಂಕಪಟ್ಟಿ ತಂದಿಟ್ಟರು. “ಕಟ್ಟುಕತೆ ಅಂತ ಅವಳೇ ಒಪ್ಪಿಕೊಂಡ ಮೇಲೆ ಇಪ್ಪತ್ನಾಲ್ಕು ಹೇಗೆ ಇರುತ್ತೆ? ನನ್ನ ಕೆಲಸಕ್ಕೂ ಕುತ್ತು ತರಬೇಡಿ ಇಯೋನಾ.”

ಹೊಡೆದುಹಾಕಿದೆ. ಒಂಬತ್ತು ಎಂದು ಬರೆದೆ. ಒಂಬತ್ತಕ್ಕೆ ಲೆಕ್ಕವೇನೂ ಇಲ್ಲ. ಸೊನ್ನೆ ಹಾಕಲು ಕೈ ಬರಲಿಲ್ಲ, ಅಷ್ಟೆ.

ಜೂನ್ 19, ಬುಧವಾರ

ಸಂಸ್ಕೃತಿ ಅಧ್ಯಾಯದ ಪಾಠ. ಚಾಪೆ ಹೆಣೆಯುವುದರ ಬಗ್ಗೆ ಯಾರು ಹೇಳುತ್ತೀರಿ ಎಂದೆ. ಆರು ಕೈ ಎದ್ದವು. ಎಸೆತಾಳದು ಇಲ್ಲ.

“ನೀನು ದಿನಾ ಅಜ್ಜಿ ಜೊತೆ ಹೆಣೀತೀಯಲ್ಲ.”

“ಈಗ ಇಲ್ಲ ಸರ್.”

“ಯಾಕೆ?”

“ಅಜ್ಜಿ ಈಗ ಚಿಕ್ಕಪ್ಪನ ಮಗಳನ್ನ ಕೂರಿಸಿಕೊಳ್ತಾರೆ. ನಾನು ಹೋದ್ರೆ ಇಬ್ಬರೂ ಮಾತು ನಿಲ್ಲಿಸ್ತಾರೆ.”

ತರಗತಿ ಕೇಳುತ್ತಿತ್ತು. ಪುಸ್ತಕ ತೆಗೆಯಿರಿ ಎಂದೆ.

ಜುಲೈ 2, ಮಂಗಳವಾರ

ಆರ್ಥಿಕತೆ. ಕೊನೆಯ ಅಧ್ಯಾಯ. ಮೂವತ್ತೊಂದು ಮುಗಿಸಿ ಎಸೆತಾಳದನ್ನು ಕೊನೆಗೆ ತೆಗೆದೆ.

ಮೂರು ಪುಟ. ‘ನಮ್ಮ ದೇಶದ ಮುಖ್ಯ ಉತ್ಪನ್ನಗಳು ತೆಂಗು, ಕೆಸು, ಕೋಕೋ ಮತ್ತು ಮೀನು.’ ಪಠ್ಯಪುಸ್ತಕ ತೆರೆದು ಪಕ್ಕದಲ್ಲಿಟ್ಟು ನೋಡಿದೆ. ಅಲ್ಪವಿರಾಮವೂ ಬಿಟ್ಟಿಲ್ಲ. ಊರಿನ ಹೆಸರು ಎಲ್ಲೂ ಇಲ್ಲ. ವಿದೇಶದಿಂದ ಬರುವ ಹಣದ ಬಗ್ಗೆ ಒಂದು ಸಾಲಿಲ್ಲ. ಅವರ ಮನೆಯ ತಗಡು, ನೀರಿನ ಟ್ಯಾಂಕ್, ಅವಳ ಶಾಲೆಯ ಚೀಲ ಎಲ್ಲ ಅವಳಣ್ಣ ನ್ಯೂಜಿಲೆಂಡಿನಲ್ಲಿ ಹಣ್ಣು ಕೀಳುವ ಕೆಲಸ ಮಾಡಿ ಕಳಿಸಿದ ದುಡ್ಡಿನದು.

ಕರೆಸಿದೆ.

“ನಿಮ್ಮಣ್ಣ ಎಲ್ಲಿ ಕೆಲಸ ಮಾಡ್ತಾನೆ ಎಸೆತಾ?”

ನೆಲ ನೋಡಿದಳು. “ಅದು ಪುಸ್ತಕದಲ್ಲಿ ಇಲ್ಲ ಸರ್.”

“ನಾನು ಪುಸ್ತಕ ಕೇಳ್ಲಿಲ್ಲ.”

“ಗೊತ್ತಿಲ್ಲ ಸರ್. ನಾನು ಹೋಗ್ಲಾ?”

ಹೋದಳು. ಅಂಕಪಟ್ಟಿ ನಾಳೆ ರಾಜಧಾನಿ ಅಪಿಯಾಕ್ಕೆ ಹೋಗಬೇಕು. ಮತ್ತೊಮ್ಮೆ ಓದಿದೆ. ತಪ್ಪು ಹುಡುಕಿದೆ. ಕಾಗುಣಿತದ್ದೂ ಒಂದಿಲ್ಲ. ಇಪ್ಪತ್ತೈದಕ್ಕೆ ಇಪ್ಪತ್ತೈದು.