ಮಾತ್ರೆ ಬಿಡಿಸಿದ ವಿಡಿಯೊ

ಅಪ್ಪನಿಗೆ,

ಫೋನಿನಲ್ಲಿ ನಮ್ಮ ಮಾತು ಜಗಳಕ್ಕೇ ತಿರುಗುತ್ತದೆ, ಅದಕ್ಕೆ ಬರೆದು ತಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀವು ಬಿ.ಪಿ. ಮಾತ್ರೆ ನಿಲ್ಲಿಸಿದ್ದೀರೆಂದು ಅಮ್ಮ ಹೇಳಿದಾಗಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಪಾಠದ ನಡುವೆಯೂ ಫೋನ್ ತೆಗೆದು ನೋಡುತ್ತೇನೆ.

ಆ ಮಾತ್ರೆ ಕಿಡ್ನಿಯನ್ನೇ ತಿನ್ನುತ್ತದೆ ಎಂದು ನೀವು ಕಳಿಸಿದ ವಿಡಿಯೊವನ್ನು ನಿನ್ನೆ ಒಂಬತ್ತನೇ ತರಗತಿಯಲ್ಲಿ ಹಾಕಿದೆ. ಯಾರು ಕಳಿಸಿದ್ದೆಂದು ಹೇಳಲಿಲ್ಲ. ನಿಜವೋ ಸುಳ್ಳೋ ಶಾಲೆಯ ಕಂಪ್ಯೂಟರಿನಲ್ಲಿ ಹುಡುಕಿ ಎಂದೆ. ಗಂಟೆ ಹೊಡೆಯುವಷ್ಟರಲ್ಲಿ ಮಕ್ಕಳು ವಿಡಿಯೊದಲ್ಲಿ ಮಾತಾಡುವ ಬಿಳಿ ಕೋಟಿನ ಆ ಡಾಕ್ಟರನ್ನು ಇನ್ನೊಂದು ಜಾಹೀರಾತಿನಲ್ಲಿ ಹಿಡಿದರು. ಅಲ್ಲಿ ಆತ ಹಾಸಿಗೆ ಮಾರುತ್ತಿದ್ದ. ವಿಡಿಯೊ ಹಾಕಿದವರು ಯಾವುದೋ ಬೇರಿನ ಪುಡಿ ಮಾರುವವರು.

“ಇದನ್ನೂ ನಂಬೋ ದಡ್ಡರು ಇದಾರಾ ಮಿಸ್?” ಎಂದು ಒಬ್ಬ ಕೇಳಿದ. ಇಡೀ ತರಗತಿ ನಕ್ಕಿತು. ನಾನು ಒರೆಸಿದ ಬೋರ್ಡನ್ನೇ ಮತ್ತೆ ಒರೆಸುತ್ತ ನಿಂತೆ.

ಆಗ, ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು, “ದಡ್ಡರಲ್ಲ ಕಣೋ, ಹೆದರಿದೋರು. ನಮ್ಮಜ್ಜಿನೂ ಹೀಗೇ ನಂಬಿದ್ರು,” ಎಂದಳು. ನಗು ನಿಂತಿತು.

ಚಿಕ್ಕಪ್ಪ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ್ದಷ್ಟು ದಿನವೂ ಅವರ ಕೈ ಹಿಡಿದು ಕೂತವರು ನೀವು. ಅದು ನನಗೆ ಆಗ ನೆನಪಾಯಿತು.

ಶನಿವಾರ ಬರುತ್ತೇನೆ, ಡಾಕ್ಟರಮ್ಮನ ಹತ್ತಿರ ಹೋಗೋಣ. ಕಿಡ್ನಿಯ ಪ್ರಶ್ನೆಯನ್ನು ಸಮಾಧಾನವಾಗುವವರೆಗೂ ನೀವೇ ಕೇಳಿ. ನಾನು ನಡುವೆ ಬಾಯಿ ಹಾಕುವುದಿಲ್ಲ. ಅಲ್ಲಿಯವರೆಗೆ ಅವರು ಬರೆದುಕೊಟ್ಟ ಮಾತ್ರೆ ಬಿಡಬೇಡಿ, ದಮ್ಮಯ್ಯ. ಇವತ್ತಿನದನ್ನು ತಮ್ಮನ ಎದುರಿಗೇ ನುಂಗಿಬಿಡಿ. ಅವನು ಫೋನ್ ಮಾಡಿ “ಹೂಂ” ಎಂದರೆ ಸಾಕು, ನಾನು ಕೂತು ಊಟ ಮಾಡುತ್ತೇನೆ.

ನಿಮ್ಮ ಬಾಯಿಬಡುಕಿ ಮಗಳು